ಅಂಟಿಸಿದ ಹದಿನಾರು ಪುಟ

ಜನವರಿ ೯

ಪ್ರೀತಿಯ ಅಕ್ಕಾ,

ಈ ಕಾಗದದ ಜೊತೆ ಒಂದು ಪುಸ್ತಕವೂ ಬರುತ್ತಿದೆ. ಗಾಬರಿಯಾಗಬೇಡ, ನಾನೇ ಬರೆದದ್ದು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಕಂಡವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದವನು ಈಗ ತನ್ನದೇ ಒಂದಿಷ್ಟು ತಪ್ಪುಗಳನ್ನು ಅಚ್ಚು ಹಾಕಿಸಿದ್ದಾನೆ. ಕರಡನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗದೆ ನಾನೇ ನೋಡಿಕೊಂಡೆ. ಅದಕ್ಕೇ ಹನ್ನೊಂದನೇ ಪುಟದಲ್ಲಿ ಒಂದು ಸಾಲು ಎರಡು ಸಲ ಬಿದ್ದಿದೆ.

ಹೆಸರು ನೋಡಿದ ಕೂಡಲೇ ನಿನಗೆ ತಿಳಿಯುತ್ತದೆ: 'ತೊಟ್ಟಿಯ ಕೆಳಗಿನ ಅರಮನೆ'. ಹೌದು, ನಿನ್ನದೇ. ಮಧ್ಯಾಹ್ನ ಊಟವಾದ ಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ನನಗೂ ತಂಗಿ ಮಿಣುಕಿಗೂ ನೀನು ಹೇಳುತ್ತಿದ್ದ ಕಥೆ. ಆಗ ನಿನಗೆ ಹನ್ನೆರಡು, ನನಗೆ ಒಂಬತ್ತು, ಅವಳಿಗೆ ಐದು. ಅವಳು ಹಿತ್ತಲ ಆ ನೀರಿನ ತೊಟ್ಟಿಯಲ್ಲಿ ಬಿದ್ದು ಹೋದ ದಿನದಿಂದ ಇವತ್ತಿನವರೆಗೆ ನಲವತ್ತಾರು ವರ್ಷ. ನಾವಿಬ್ಬರೂ ಒಂದು ಸಲವೂ ಅವಳ ಹೆಸರೆತ್ತಿಲ್ಲ. ಈಗ ನಾನು ಎತ್ತಿದ್ದೇನೆ. ಬಾಯಲ್ಲಿ ಹೇಳಲು ಧೈರ್ಯ ಬರದ ಒಂದು ಮಾತನ್ನು ಕಥೆಯೊಳಗೆ ಇಟ್ಟಿದ್ದೇನೆ. ಓದು. ಓದಿ ಏನನ್ನಿಸಿತು ಅಂತ ಬರಿ.

ನಿಮ್ಮ ಚರ್ಚಿನ ಸಭೆಯಲ್ಲಿ ಮಕ್ಕಳ ಓದಿಗೆ ಪುಸ್ತಕ ಆರಿಸುವ ಸಮಿತಿ ನನಗೆ ಗೊತ್ತಿಲ್ಲದ್ದಲ್ಲ. ಮಂತ್ರ, ಮಾಟ, ಮಾತಾಡುವ ಪ್ರಾಣಿ ಬಂದ ಪುಟಗಳಿಗೆಲ್ಲ ನೀನು ಹಿಟ್ಟಿನ ಅಂಟು ಬಳಿದು, ಮೇಲೆ ನಾಲ್ಕು ಕೀರ್ತನೆ ಪುಸ್ತಕ ಹೇರಿ ಒಣಗಿಸುವುದೂ ಗೊತ್ತು. ಕಟ್ಟುಕಥೆ ಅಂದರೆ ಸುಳ್ಳು ಅಂತ ತಾನೇ ನಿಮ್ಮ ವಾದ? ಕರ್ತನು ಹೇಳಿದ ಸಾಮ್ಯದ ಕಥೆಯಲ್ಲಿ ಮನೆಬಿಟ್ಟು ಹೋದನಲ್ಲ ಆ ಕಿರಿಮಗ, ಅವನ ವಿಳಾಸವನ್ನು ಯಾವ ಸಮಿತಿ ಕೇಳಿತು? ರಾಜನ ತಪ್ಪನ್ನು ರಾಜನಿಗೇ ತೋರಿಸಲು ಬೈಬಲಿನ ಪ್ರವಾದಿ ಒಂದು ಕುರಿಮರಿಯ ಕಥೆ ಕಟ್ಟಬೇಕಾಯಿತು. ನೇರವಾಗಿ ಹೇಳಿದ್ದರೆ ತಲೆ ಹೋಗುತ್ತಿತ್ತು. ಇರಲಿ, ಜಗಳ ಬೇಡ. ಅಂಟಿನ ಬಟ್ಟಲನ್ನು ಮಾತ್ರ ಸ್ವಲ್ಪ ದೂರ ಇಡು.

ನಾನು ಚೆನ್ನಾಗಿದ್ದೇನೆ. ಕಾಗದದ ಧೂಳಿಗೆ ಸಣ್ಣ ಕೆಮ್ಮು, ಅಷ್ಟೇ. ಉತ್ತರ ತಡವಾದರೆ ಎರಡು ಕಾರಣ ಕೊಡಬೇಡ. ಚಿಕ್ಕಂದಿನಿಂದಲೂ ನಿನ್ನ ಸುಳ್ಳು ಸಿಕ್ಕಿಬೀಳುವುದೇ ಹಾಗೆ. ನಿಜಕ್ಕೆ ಒಂದು ಕಾರಣ ಕೊಡುತ್ತೀಯ, ಸುಳ್ಳಿಗೆ ಎರಡು.

ನಿನ್ನ,
ಗೂಬೆ


ಫೆಬ್ರವರಿ ೪

ಪ್ರೀತಿಯ ತಮ್ಮಾ,

ಕರ್ತನಲ್ಲಿ ವಂದನೆಗಳು. ಪುಸ್ತಕ ತಲುಪಿತು. ರಟ್ಟು ಚೆನ್ನಾಗಿದೆ, ಹೊಲಿಗೆಯೂ ಗಟ್ಟಿಯಾಗಿದೆ. ಹೆಸರಿನ ಕೆಳಗೆ ನಿನ್ನ ಹೆಸರು ನೋಡಿ ಅಪ್ಪ ಇದ್ದಿದ್ದರೆ ಅನ್ನಿಸಿತು.

ಸಮಿತಿಯ ಮುಂದೆ ಇಟ್ಟೆ. ಇಬ್ಬರು ಹಿರಿಯರು ಬೇಡವೇ ಬೇಡ ಅಂದರು. ಸಭಾಪಾಲಕರು ಒಳ್ಳೆಯವರು, "ಟೀಚರಮ್ಮನ ಸ್ವಂತ ತಮ್ಮ ಬರೆದಿರೋದು, ಪೂರ್ತಿ ತಳ್ಳಿಹಾಕೋದು ಬೇಡ. ಸರಿಯಿಲ್ಲದ ಪುಟ ಅಂಟಿಸಿ ಇಟ್ಟುಬಿಡಿ" ಅಂದರು. ನೂರ ನಲವತ್ತೊಂದರಿಂದ ನೂರ ಐವತ್ತಾರರವರೆಗೆ ಅಂಟಿಸಿದ್ದೇನೆ. ಆ ನೀರಜ್ಜಿ ಎಂಬ ಮಾಟಗಾತಿಯ ಹತ್ತಿರ ಹುಡುಗ ಹೋಗಿ, ಸತ್ತ ತಂಗಿಯನ್ನು ಎಬ್ಬಿಸಿಕೊಡು ಅಂತ ಕೇಳುತ್ತಾನಲ್ಲ, ಅಲ್ಲಿಂದ. ಸತ್ತವರನ್ನು ಎಬ್ಬಿಸುವುದು ಯಾರ ಕೆಲಸ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆ ಆಸೆಯನ್ನು ಮಕ್ಕಳ ತಲೆಗೆ ಹಾಕಬಾರದು.

ಅಂಟಿಸಿದ್ದು ಮಕ್ಕಳಿಗಾಗಿ. ನಾನು ಮಾತ್ರ ಪೂರ್ತಿ ಓದಿದ್ದೇನೆ. ನೀನು ಅದನ್ನು ಬರೆಯಬಾರದಿತ್ತು ಅಂತ ಮೊದಲು ಅನ್ನಿಸಿತು. ಮೂರು ದಿನ ಪ್ರಾರ್ಥನೆ ಮಾಡಿದೆ. ಈಗ ನಿನ್ನ ಮೇಲೆ ಸಿಟ್ಟಿಲ್ಲ, ಮನಸಾರೆ ಕ್ಷಮಿಸಿದ್ದೇನೆ. ಆ ಮಾತನ್ನು ಇನ್ನು ಇಬ್ಬರೂ ಎತ್ತುವುದು ಬೇಡ.

ಹೆಚ್ಚು ಬರೆಯಲಾಗುತ್ತಿಲ್ಲ. ಕನ್ನಡಕದ ಕಾಲು ಮುರಿದಿದೆ. ಭಾನುವಾರದ ಶಾಲೆಯ ಪರೀಕ್ಷೆ ಬೇರೆ ಹತ್ತಿರ ಬಂತು. ಕೆಮ್ಮಿಗೆ ಬಿಸಿನೀರಿನ ಹಬೆ ತೆಗೆದುಕೋ.

ಅಕ್ಕ


ಫೆಬ್ರವರಿ ೧೫

ಅಕ್ಕಾ, ಅಕ್ಕಾ,

ನಿನ್ನ ಕಾಗದವನ್ನು ಅಚ್ಚುಕೂಟದಲ್ಲೇ ನಿಂತು ಓದಿದೆ. ಆಮೇಲೆ ಕಾಗದದ ಉಗ್ರಾಣಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಐವತ್ತೈದು ವರ್ಷದ ಗಂಡಸು, ರಟ್ಟಿನ ಕಂತೆಯ ಮೇಲೆ ಕೂತು. ಯಂತ್ರ ನಡೆಸುವವನು ಬಂದು ಬಾಗಿಲು ಬಡಿದು, "ಏನ್ ಸಾರ್, ಯಾರಾದ್ರೂ ಹೋಗ್ಬಿಟ್ರಾ?" ಅಂದ. "ಇಲ್ಲ ಮಾರಾಯ, ಯಾರೋ ವಾಪಸ್ ಬಂದ್ರು" ಅಂದೆ.

ನೀನು ಬೈಯುತ್ತೀಯ ಅಂದುಕೊಂಡಿದ್ದೆ. ಇನ್ನು ಮೇಲೆ ಕಾಗದವೇ ಬರುವುದಿಲ್ಲ ಅಂತಲೂ ತಯಾರಾಗಿದ್ದೆ. ಎತ್ತಬೇಡ ಅಂದಿದ್ದೀಯ, ಆದರೂ ಒಂದೇ ಒಂದು ಸಲ ಎತ್ತುತ್ತೇನೆ, ಕಥೆಯ ಮುಸುಕಿಲ್ಲದೆ. ಆವತ್ತು ಕಾವಲು ಮೀನು ಅರಮನೆಗೆ ಇಳಿಯುವ ಹನ್ನೆರಡನೇ ಮೆಟ್ಟಿಲಲ್ಲಿ ಅಡ್ಡ ನಿಂತ ಜಾಗಕ್ಕೆ ಕಥೆ ನಿಲ್ಲಿಸಿ ನೀನು ಪಾತ್ರೆ ತೊಳೆಯಲು ಹೋದೆ. ಮಿಣುಕಿ ನಿದ್ದೆ ಮಾಡಿದಳು. ನನಗೆ ತಡೆಯಲಾಗಲಿಲ್ಲ. ತೊಟ್ಟಿಯ ಮೇಲಿನ ಇಟ್ಟಿಗೆ ಎತ್ತಿಟ್ಟು, ತಗಡಿನ ಮುಚ್ಚಳ ಸರಿಸಿ, ಮೆಟ್ಟಿಲು ಕಾಣುತ್ತದೆಯೇ ಅಂತ ಇಣುಕಿದೆ. ಅಷ್ಟರಲ್ಲಿ ಅಪ್ಪ ಕರೆದರು. ಮುಚ್ಚದೆ ಓಡಿದೆ.

ಮುಚ್ಚಳವನ್ನು ಅವಳೇ ಎಳೆದಳು ಅಂತ ಎಲ್ಲರೂ ಅಂದುಕೊಂಡರು. ಅಮ್ಮ ನಿನ್ನ ಕಡೆ ತಿರುಗಿ ಆ ಮಾತು ಹೇಳಿದಾಗ ನಾನು ಬಾಗಿಲ ಹಿಂದೆಯೇ ಇದ್ದೆ. ಬಾಯಿ ಬಿಡಲಿಲ್ಲ. ಆವತ್ತು ಬಿಡದ ಬಾಯಿ ಮರುದಿನ ಇನ್ನೂ ಬಿಗಿಯಿತು, ಒಂದು ವರ್ಷ ಕಳೆಯುವಷ್ಟರಲ್ಲಿ ಅದಕ್ಕೆ ಬೀಗವೇ ಬಿತ್ತು.

ಇದನ್ನೆಲ್ಲ ಆ ಪುಟಗಳಲ್ಲಿ ಓದಿಯೂ ಕ್ಷಮಿಸಿದೆಯಲ್ಲ, ನೀನು ದೊಡ್ಡವಳು. ಮಕ್ಕಳಿಗೆ ಬೇಡ ಅಂತ ಅಂಟಿಸಿದ್ದಕ್ಕೆ ನನಗೇನೂ ಬೇಸರವಿಲ್ಲ. ಅವು ನಿನಗೊಬ್ಬಳಿಗೇ ಬರೆದ ಪುಟಗಳು.

ಕೆಮ್ಮು ಹಾಗೇ ಇದೆ. ಡಾಕ್ಟರು ಒಂದೆರಡು ಪರೀಕ್ಷೆ ಮಾಡಿಸಿ ಅಂದಿದ್ದಾರೆ. ಅವರಿಗೂ ಹೊಟ್ಟೆಪಾಡು ನಡೆಯಬೇಕಲ್ಲ.

ನಿನ್ನ,
ಗೂಬೆ


ಮಾರ್ಚ್ ೨

(ಇದನ್ನು ಅಂಚೆಗೆ ಹಾಕುವುದಿಲ್ಲ.)

ತಮ್ಮಾ,

ನಾನು ಓದಿರಲಿಲ್ಲ.

ನೂರ ನಲವತ್ತನೇ ಪುಟದ ಕೊನೆಯ ಸಾಲಿನಲ್ಲಿ ಹುಡುಗ "ನನ್ನ ತಂಗೀನ ಎಬ್ಬಿಸಿಕೊಡು" ಅಂದ ಕೂಡಲೇ ಓದುವುದು ನಿಲ್ಲಿಸಿ, ಆ ಅಧ್ಯಾಯ ಮುಗಿಯುವ ಪುಟದವರೆಗೆ ಕಣ್ಣು ಹಾಯಿಸದೆ ಅಂಟು ಬಳಿದೆ. ಮಕ್ಕಳಿಗಾಗಿ ಅಂಟಿಸಿದೆ ಅಂತ ಬರೆದೆ. ಮಕ್ಕಳ ಹೆಸರು ಹೇಳಿದೆ ಅಷ್ಟೇ. ನನಗೆ ಭಯವಾಯಿತು. ನಿನ್ನ ಆ ಮಾಟಗಾತಿ ನಿಜವಾಗಿಯೂ ಮಿಣುಕಿಯನ್ನು ಎಬ್ಬಿಸಿ ಮೆಟ್ಟಿಲು ಹತ್ತಿಸಿಬಿಟ್ಟರೆ ನಾನು ಆ ಪುಟದಿಂದ ಈಚೆಗೆ ಬರುತ್ತಿರಲಿಲ್ಲ. ನಾನು ಕ್ಷಮಿಸಿದ್ದು ನೀನು ನನ್ನ ಕಥೆಯನ್ನು ನನ್ನನ್ನು ಕೇಳದೆ ಅಚ್ಚು ಹಾಕಿಸಿದ್ದನ್ನು. ಅಷ್ಟನ್ನು ಮಾತ್ರ.

ನಿನ್ನ ಕಾಗದ ಓದಿದ ಮೇಲೆ ಸಭೆಯ ಪಕ್ಕದ ಕೋಣೆಗೆ ಹೋಗಿ ಅಲಮಾರಿಯಿಂದ ಪುಸ್ತಕ ತೆಗೆದೆ. ಕೆಟಲಿನಲ್ಲಿ ನೀರು ಕುದಿಸಿ, ಹಬೆ ಹಿಡಿದು, ಬೆಣ್ಣೆ ಚಾಕುವಿನಲ್ಲಿ ಒಂದೊಂದೇ ಪುಟ ಬಿಡಿಸಿದೆ. ಎರಡು ಗಂಟೆ ಹಿಡಿಯಿತು. ಮೂವತ್ತು ವರ್ಷ ಅಂಟಿಸಿದ ಕೈಗೆ ಬಿಡಿಸಿ ಅಭ್ಯಾಸವಿಲ್ಲ. ನಿಂತುಕೊಂಡೇ ಓದಿದೆ.

ಅಲ್ಲಿ ಮಾಟವೇ ಇಲ್ಲ. ನೀರಜ್ಜಿ, "ಮುಚ್ಚಳ ತೆಗೆದವರ್ಯಾರು ಹೇಳು, ಆಮೇಲೆ ಎಬ್ಬಿಸ್ತೀನಿ" ಅನ್ನುತ್ತಾಳೆ. ಹುಡುಗ ನಾನೇ ಅನ್ನುತ್ತಾನೆ. ಅವಳು, "ಎಬ್ಬಿಸೋ ಶಕ್ತಿ ನನಗೆ ಯಾವತ್ತೂ ಇರಲಿಲ್ಲ ಮಗಾ. ನಿನ್ನ ಬಾಯಿ ಬಿಡಿಸೋದಷ್ಟೇ ನನ್ನ ಕೈಲಾಗೋದು. ಹೋಗು, ಮೇಲೆ ಒಬ್ಬಳು ನಿನ್ನ ಹೊರೆ ಹೊತ್ತು ಕೂತಿದಾಳೆ, ಅವಳಿಗೆ ಹೇಳು" ಅನ್ನುತ್ತಾಳೆ. ಇದನ್ನು ನಾನು ಪಾಪ ಅಂತ ಅಂಟಿಸಿದ್ದೆ. ಭಾನುವಾರದ ಶಾಲೆಯಲ್ಲಿ ನಾನು ಕಲಿಸಿದ ಯಾವ ಪಾಠ ಇದಕ್ಕಿಂತ ಶುದ್ಧವಾಗಿತ್ತು?

ಆದರೆ ನಲವತ್ತಾರು ವರ್ಷ ಕಣೋ.

"ನಿನ್ನ ಕಥೇನೇ ನನ್ನ ಮಗೂನ ಕರ್ಕೊಂಡು ಹೋಯ್ತು" ಅಂದಳು ಅಮ್ಮ. ಆಮೇಲೆ ನಾನು ಯಾವ ಮಗುವಿಗೂ ಕಥೆ ಹೇಳಲಿಲ್ಲ. ಕಟ್ಟುಕಥೆ ಮಗುವನ್ನು ಕೊಲ್ಲುತ್ತದೆ ಅಂತ ನಂಬಿ, ಕಂಡ ಕಂಡ ಪುಸ್ತಕದ ಬಾಯಿ ಮುಚ್ಚಿದೆ. ಸಮಿತಿಯವರು ನನ್ನದು ಭಕ್ತಿ ಅಂದುಕೊಂಡರು. ಅದು ಭಕ್ತಿಯಲ್ಲ, ಶಿಕ್ಷೆ. ಮದುವೆಯ ಮಾತು ಬಂದಾಗ ಮಕ್ಕಳಾದರೆ ಅಂತ ಹೆದರಿ ಬೇಡ ಅಂದೆ. ಅಮ್ಮ ಸಾಯುವಾಗ ನನ್ನ ಕೈಯಿಂದ ನೀರು ಕುಡಿಯಲಿಲ್ಲ. ನಿನ್ನ ಕೈಯಿಂದ ಕುಡಿದಳು. ನೀನು ಕುಡಿಸಿದೆ! ಲೋಟ ಹಿಡಿದು ನನ್ನ ಮುಖ ನೋಡಿದೆ, ಆಗಲಾದರೂ ಹೇಳಬಾರದಿತ್ತಾ?

ಒಂಬತ್ತು ವರ್ಷದ ಹುಡುಗನನ್ನು ನಾನು ಯಾವಾಗ ಬೇಕಾದರೂ ಕ್ಷಮಿಸಬಲ್ಲೆ. ಇಪ್ಪತ್ತರ, ಮೂವತ್ತರ, ಐವತ್ತರ ಗಂಡಸನ್ನು ಏನು ಮಾಡಲಿ? ಪ್ರಾರ್ಥನೆಗೆ ಕೂತರೆ ನಿನ್ನ ಹೆಸರಿನ ಹತ್ತಿರ ಬಂದು ನಾಲಿಗೆ ನಿಲ್ಲುತ್ತದೆ.


ಏಪ್ರಿಲ್ ೨೦

ಅಕ್ಕಾ,

ಎರಡು ತಿಂಗಳಾಯಿತು, ನಿನ್ನ ಸುದ್ದಿಯಿಲ್ಲ. ಕನ್ನಡಕ ರಿಪೇರಿಯಾಯಿತೇ? ಪರೀಕ್ಷೆಯಲ್ಲಿ ಎಷ್ಟು ಮಕ್ಕಳನ್ನು ಅಳಿಸಿದೆ?

ನಾನು ಸ್ವಲ್ಪ ದಿನ ರಜೆ ಹಾಕಿದ್ದೇನೆ. ಈ ಕೆಳಗಿನ ವಿಳಾಸಕ್ಕೆ ಬರಿ, ಇಲ್ಲಿ ಗಾಳಿ ಚೆನ್ನಾಗಿದೆ. ಕಿಟಕಿಯಿಂದ ಒಂದು ಬಟ್ಟೆ ಒಗೆಯುವ ಅಂಗಡಿ ಕಾಣುತ್ತದೆ. ಇಡೀ ದಿನ ಬಿಳಿ ಹೊದಿಕೆಗಳನ್ನು ಒಣಹಾಕುತ್ತಾರೆ, ತೆಗೆಯುತ್ತಾರೆ. ಹೊತ್ತು ಹೋಗುತ್ತದೆ.

ಬೈಯುವುದಿದ್ದರೂ ಬರಿ.

ಗೂಬೆ


ಮೇ ೨೮

ಅಕ್ಕಾ,

ಇದು ನನ್ನ ಕೈಬರಹವಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ನಾನು ಹೇಳುತ್ತಿದ್ದೇನೆ, ವಾರ್ಡಿನ ನರ್ಸಮ್ಮ ಬರೆದುಕೊಳ್ಳುತ್ತಿದ್ದಾರೆ. ಅಕ್ಷರ ದುಂಡಗಿದೆ, ಆದರೆ ಅಲ್ಪವಿರಾಮವನ್ನು ಸಿಕ್ಕಸಿಕ್ಕಲ್ಲಿ ಚೆಲ್ಲುತ್ತಾರೆ. (ಇದನ್ನೂ ಬರೆಯಿರಿ ಅಂತ ಹಠ ಮಾಡುತ್ತಿದ್ದಾರೆ. ನರ್ಸ್.)

ಗಾಳಿ ಚೆನ್ನಾಗಿದೆ ಅಂದದ್ದು ಆಸ್ಪತ್ರೆಯ ಗಾಳಿ. ಶ್ವಾಸಕೋಶ. ಧೂಳಲ್ಲ, ಬೇರೆ. ಜನವರಿಯಲ್ಲೇ ಗೊತ್ತಿತ್ತು. ಅದಕ್ಕೇ ಪುಸ್ತಕವನ್ನು ಅಷ್ಟು ಅವಸರದಲ್ಲಿ ಮುಗಿಸಿದ್ದು, ಅದಕ್ಕೇ ಸಾಲು ಎರಡು ಸಲ ಬಿದ್ದದ್ದು. ನಿನಗೆ ಹೇಳಿದ್ದರೆ ಸಾಯುವವನು ಅಂತ ನೀನು ಕರುಣೆಯಿಂದ ಕ್ಷಮಿಸುತ್ತಿದ್ದೆ. ನನಗೆ ಆ ಕ್ಷಮೆ ಬೇಕಿರಲಿಲ್ಲ.

ನಿನ್ನ ಫೆಬ್ರವರಿಯ ಕಾಗದ ಇಲ್ಲೇ ದಿಂಬಿನ ಕೆಳಗಿದೆ. ನಿನ್ನೆ ಇನ್ನೊಮ್ಮೆ ಓದಿಸಿದೆ. ಕನ್ನಡಕದ ಕಾಲು ಒಂದು, ಪರೀಕ್ಷೆ ಒಂದು. ಎರಡು ಕಾರಣ. ಕರಡು ತಿದ್ದುವವನ ಕಣ್ಣಿಗೇ ಆವತ್ತು ಅದು ಬೀಳಲಿಲ್ಲ, ಅಷ್ಟು ಖುಷಿಯಾಗಿತ್ತು. ನೀನು ಓದಿರಲಿಲ್ಲ ಅಲ್ಲವಾ ಅಕ್ಕಾ? ನನ್ನ ಕಾಗದ ಬಂದ ಮೇಲೇ ಗೊತ್ತಾಗಿರಬೇಕು. ಈ ಮೂರು ತಿಂಗಳ ಮೌನಕ್ಕೆ ಬೇರೆ ಅರ್ಥ ನನಗೆ ಹೊಳೆಯುತ್ತಿಲ್ಲ.

ಓದಿದ್ದೆ ಅಂತ ಬರಿ, ಇಲ್ಲ ಅಂತ ಬರಿ. ಕ್ಷಮಿಸಲ್ಲ ಅಂತಲೂ ಬರಿ. ಬರಿಯ ಲಕೋಟೆ ಬಂದರೂ ಸಾಕು, ಆದರೆ ಬೇಗ ಬರಲಿ.

ಗೂಬೆ
(ಈ ಹೆಸರು ಹಾಕಿ ಅಂತ ಅವರೇ ಹೇಳಿದರು. ನರ್ಸ್.)


ಜೂನ್ ೩

ನನ್ನ ಗೂಬೆ,

ಇದು ನಿನಗಿಂತ ಎರಡು ದಿನ ಮುಂಚೆ ತಲುಪಲಿ ಅಂತ ವೇಗದ ಅಂಚೆಯಲ್ಲಿ ಹಾಕುತ್ತಿದ್ದೇನೆ. ಹೇಗೆ ಬರೆದೆ ನೋಡು, ನಿನಗಿಂತ ಅಂತೆ, ನನಗಿಂತ ಅನ್ನಬೇಕು. ಭಾನುವಾರ ಪ್ರಾರ್ಥನೆ ಮುಗಿದ ಕೂಡಲೇ ರೈಲು ಹತ್ತುತ್ತೇನೆ. ಸೋಮವಾರ ನಿನ್ನ ಕಿಟಕಿಯ ಹತ್ತಿರ ಇರುತ್ತೇನೆ. ತಪ್ಪು ತಿದ್ದಲು ಶಾಯಿ ತಯಾರಿಟ್ಟುಕೋ.

ನಾನು ಫೆಬ್ರವರಿಯಲ್ಲೇ ಓದಿದ್ದೆ. ಹದಿನಾರು ಪುಟವನ್ನೂ. ಮುಚ್ಚಳದ ವಿಷಯ ಓದಿಯೇ ಕ್ಷಮಿಸಿದ್ದೇನೆ ಅಂತ ಬರೆದದ್ದು. ಇಷ್ಟು ದಿನ ಉತ್ತರ ಬರೆಯದಿದ್ದಕ್ಕೆ ಬೇರೇನೂ ಅರ್ಥವಿಲ್ಲ. ಬಲಗೈ ಹೆಬ್ಬೆರಳು ಊದಿಕೊಂಡಿತ್ತು. ಅಂಚೆ ಕಚೇರಿಯನ್ನು ಬೇರೆ ದೂರದ ಬೀದಿಗೆ ಎತ್ತಿಹಾಕಿದ್ದಾರೆ. ಆದ್ದರಿಂದ ನೀನು ಏನೇನೋ ಯೋಚಿಸಬೇಡ.

ಆವತ್ತು ಪಾತ್ರೆ ತೊಳೆಯಲು ಹೋದವಳು ಕಥೆಯ ಉಳಿದದ್ದನ್ನು ಹೇಳಲೇ ಇಲ್ಲ. ಈಗ ಹೇಳುತ್ತೇನೆ. ನರ್ಸಮ್ಮನವರೇ, ಇಲ್ಲಿಂದ ನಿಧಾನವಾಗಿ ಓದಿ.

ಕಾವಲು ಮೀನು ಹನ್ನೆರಡನೇ ಮೆಟ್ಟಿಲಲ್ಲಿ ಅಡ್ಡ ನಿಂತಿತು. "ಯಾಕೆ ಬಂದೆ?" ಅಂತು. ಪುಟ್ಟ ಹುಡುಗಿ, "ನೋಡೋಕೆ" ಅಂದಳು. "ಏನಾದ್ರೂ ತಗೊಂಡು ಹೋಗ್ತೀಯಾ?" "ಇಲ್ಲ, ನೋಡೋಕಷ್ಟೇ." "ಹಾಗಾದ್ರೆ ಹೋಗು" ಅಂತ ಮೀನು ಸರಿದು ನಿಂತಿತು. ಒಳಗೆ ದೊಡ್ಡ ಮೇಜು, ಮೂರು ಕುರ್ಚಿ, ಮೂರು ತಟ್ಟೆ. ಹುಡುಗಿ ಒಂದು ಕುರ್ಚಿ ಹತ್ತಿ ಕೂತಳು, ಕಾಲು ನೆಲಕ್ಕೆ ಎಟುಕಲಿಲ್ಲ. ಬಡಿಸಲು ಬಂದವರಿಗೆ ಹೇಳಿದಳು: "ಆ ಎರಡು ತಟ್ಟೆ ಮುಚ್ಚಿಡಿ. ಅಣ್ಣ ಬರ್ತಾನೆ, ಲೇಟಾಗತ್ತೆ. ಅವನಿಗೆ ಮೆಟ್ಟಿಲಂದ್ರೆ ಭಯ. ಅಕ್ಕ ಇನ್ನೂ ಲೇಟು, ಅವಳಿಗೆ ಕೆಲಸ ಜಾಸ್ತಿ." ಅಲ್ಲಿಯವರೆಗೆ ನೀವು ತಿನ್ನಿ ಅಂತ ಅವರು ಹೇಳಿದರೂ ಕೇಳಲಿಲ್ಲ. ಬಾಗಿಲ ಕಡೆ ನೋಡುತ್ತ, ಕಾಲು ಆಡಿಸುತ್ತ ಕೂತಳು. ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ, ಹಸಿವು ಮಾತ್ರ ಇತ್ತು.

ಇದು ಸಮಿತಿಗೆ ತಿಳಿಯುವುದು ಬೇಡ.

ನಿನ್ನ,
ಅಕ್ಕ


ಜುಲೈ ೬

ತಮ್ಮಾ,

ಈ ಕಾಗದವನ್ನು ಹಾಕಲು ವಿಳಾಸವಿಲ್ಲ. ನನ್ನ ಕೀರ್ತನೆ ಪುಸ್ತಕದೊಳಗೆ ಇಟ್ಟುಕೊಳ್ಳುತ್ತೇನೆ.

ಸೋಮವಾರ ಬೆಳಿಗ್ಗೆ ನಾನು ಬಂದಾಗ ನಿನ್ನ ಮಂಚದ ಮೇಲೆ ಒಗೆದ ಹೊದಿಕೆ ಹಾಸಿದ್ದರು. ಎದುರಿನ ಅಂಗಡಿಯದೇ ಇರಬೇಕು. ಹಿಂದಿನ ದಿನ ಮಧ್ಯಾಹ್ನ ಹೋದೆಯಂತೆ. ನಾನು ರೈಲಿನಲ್ಲಿದ್ದೆ.

ನರ್ಸಮ್ಮ ನನ್ನನ್ನು ಕೂರಿಸಿ, ಕೈ ಹಿಡಿದುಕೊಂಡು ಹೇಳಿದರು. ನನ್ನ ಕಾಗದ ಶನಿವಾರವೇ ಬಂತಂತೆ. ಹೆಬ್ಬೆರಳು, ಅಂಚೆ ಕಚೇರಿ ಅಂತ ಓದಿದ ಕೂಡಲೇ ನೀನು ನಗಲು ಹೋಗಿ ಕೆಮ್ಮಿದೆಯಂತೆ. "ಅಕ್ಕಂಗೆ ಈ ವಯಸ್ಸಲ್ಲೂ ಸುಳ್ಳು ಹೇಳಕ್ಕೆ ಬರಲ್ಲ" ಅಂದೆಯಂತೆ. ಅವರು ಓದುವುದು ನಿಲ್ಲಿಸಿದರಂತೆ. ನೀನೇ, "ನನಗೋಸ್ಕರ ಹೇಳಿದಾಳೆ. ಮುಂದೆ ಓದಿ" ಅಂದೆಯಂತೆ. ಕಥೆಯನ್ನು ಮೂರು ಸಲ ಓದಿಸಿಕೊಂಡೆಯಂತೆ. ನಾನು ಅಲ್ಲೇ, ಗೊತ್ತಿಲ್ಲದ ಹೆಂಗಸಿನ ಭುಜಕ್ಕೆ ತಲೆಯಿಟ್ಟು ಅತ್ತುಬಿಟ್ಟೆ.

ನಿನಗೆ ಸುಳ್ಳು ಹೇಳಿದ್ದಕ್ಕೆ ಪಶ್ಚಾತ್ತಾಪ ಪಡಬೇಕು ಅಂತ ಪ್ರಯತ್ನಿಸಿದೆ. ಆಗುತ್ತಿಲ್ಲ. ಸಿಟ್ಟು ಹೋಯಿತೇ ಅಂದರೆ ಅದೂ ಪೂರ್ತಿ ಹೋಗಿಲ್ಲ ಕಣೋ. ಅಮ್ಮನ ಲೋಟ ನೆನಪಾದರೆ ಈಗಲೂ ಎದೆ ಉರಿಯುತ್ತದೆ. ಆದರೆ ಪ್ರಾರ್ಥನೆಯಲ್ಲಿ ನಿನ್ನ ಹೆಸರಿನ ಹತ್ತಿರ ನಾಲಿಗೆ ನಿಲ್ಲುವುದಿಲ್ಲ. ಸದ್ಯಕ್ಕೆ ನನ್ನ ಕೈಲಾದ ಕ್ಷಮೆ ಇಷ್ಟು.

ನಿನ್ನ ಪುಸ್ತಕವನ್ನು ಅಲಮಾರಿಯಲ್ಲಿ ವಾಪಸ್ ಇಟ್ಟಿದ್ದೇನೆ, ಪುಟ ಬಿಡಿಸಿದ ಹಾಗೆಯೇ. ಒಬ್ಬ ಹಿರಿಯರು ಕೇಳಿದರು, "ಏನಮ್ಮಾ, ಇದು ಬಿಚ್ಚಿಕೊಂಡುಬಿಟ್ಟಿದೆ?" "ನಾನೇ ಬಿಡಿಸಿದೆ, ನೀವೂ ಒಂದ್ಸಲ ಓದಿ ನೋಡಿ" ಅಂದೆ. ಮನೆಗೆ ಒಯ್ದಿದ್ದಾರೆ. ಇನ್ನೂ ವಾಪಸ್ ಕೊಟ್ಟಿಲ್ಲ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನೋಡಬೇಕು. ಉಳಿದ ಪುಸ್ತಕಗಳನ್ನು ದಿನಕ್ಕೆ ಒಂದರಂತೆ ಹಬೆಗೆ ಹಿಡಿಯುತ್ತಿದ್ದೇನೆ. ಬಿಡಿಸಿದ ಪುಟದ ಸುಕ್ಕು ಹೋಗುವುದಿಲ್ಲ, ಕೆಲವು ಕಡೆ ಅಕ್ಷರವೂ ಕಿತ್ತು ಬರುತ್ತದೆ. ಇಲ್ಲಿ ಏನಾಯಿತು ಅಂತ ಮಕ್ಕಳು ಕೇಳಿದರೆ ನಾನೇ ಮಾಡಿದ್ದು ಅನ್ನುತ್ತೇನೆ.

ಈ ಭಾನುವಾರ ಪಾಠ ಮುಗಿದ ಮೇಲೆ ಮಕ್ಕಳಿಗೆ ಅರಮನೆಯ ಕಥೆ ಹೇಳಬೇಕು ಅಂತಿದ್ದೇನೆ, ಮೊದಲಿನಿಂದ ಕೊನೆಯವರೆಗೆ, ಎಲ್ಲೂ ನಿಲ್ಲಿಸದೆ. ಸಭೆಯ ಹಿಂದುಗಡೆಯೂ ನೆಲಮಟ್ಟದ ಒಂದು ನೀರಿನ ತೊಟ್ಟಿಯಿದೆ. ಇಷ್ಟು ವರ್ಷ ನಾನು ಆ ಕಡೆಗೆ ಹೋದವಳಲ್ಲ. ಕಥೆ ಶುರುಮಾಡುವ ಮುಂಚೆ ಹೋಗಿ, ಮುಚ್ಚಳ ಹಾಕಿದೆಯೇ ಅಂತ ನೋಡಿ ಬರುತ್ತೇನೆ.

ಅಕ್ಕ